ಪರದೇಶದವರು ಎಳೆದ ಗೆರೆಯನ್ನು ಅಳಿಸಿಬಿಡಬಾರದೇ?

ಗಡಿ ತಕರಾರುಗಳ ತೀರ್ಪುಗಳನ್ನು ಓದುವ ಹುಚ್ಚು ನನಗಿದೆ. ಅದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಈ ಗೆರೆ ಎಳೆದ ಬ್ರಿಟಿಷರು, ಫ್ರೆಂಚರು ಎಂದೋ ಮನೆಗೆ ಹೋದರು. ಅದನ್ನೇ ಹಿಡಿದು ಅಕ್ಕಪಕ್ಕದವರು ಯಾಕೆ ಹೊಡೆದಾಡಬೇಕು? ಅಳಿಸಿ, ಕೂತು ಮಾತಾಡಿ, ಹೊಸದಾಗಿ ಎಳೆದುಕೊಳ್ಳಬಾರದೇ?"

ಅಳಿಸಿದ ಮೇಲೆ ಯಾವ ಕಾಲದ ಗಡಿಗೆ ಹೋಗೋಣ ಅನ್ನುವುದೇ ಪೇಚು. ಒಬ್ಬ ರಾಜನ ಕಾಲಕ್ಕೆ ಹೋದರೆ ಇವರಿಗೆ ಲಾಭ, ಇನ್ನೂರು ವರ್ಷ ಹಿಂದಕ್ಕೆ ಹೋದರೆ ಅವರಿಗೆ. 1964ರಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕಾದ ನಾಯಕರು ಅದಕ್ಕೇ, ಸ್ವಾತಂತ್ರ್ಯ ಬಂದ ದಿನ ಎಲ್ಲಿತ್ತೋ ಅಲ್ಲೇ ಗಡಿ ಇರಲಿ ಎಂದರು. ಸೊಮಾಲಿಯಾ, ಮೊರಾಕ್ಕೊ ಮಾತ್ರ ಒಪ್ಪಲಿಲ್ಲ.

ಇದು ಎಲ್ಲರೂ ಕೊಡುವ ಉತ್ತರ. ನನ್ನದು ಬೇರೆ. ಗೆರೆ ಯಾರದು ಎಂದು ಕೋರ್ಟು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಎಳೆದಾಗ ಪಕ್ಕದವರು ಬಾಯಿ ಬಿಟ್ಟರೇ ಎಂದು ನೋಡುತ್ತದೆ.

ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವಿನ ಡಾಂಗ್ರೆಕ್ ಬೆಟ್ಟಸಾಲಿನ ತುದಿಯಲ್ಲಿ ಪ್ರೇಹ್ ವಿಹಾರ್ ಎಂಬ ಹಳೆಯ ಖಮೇರ್ ಶಿವಾಲಯವಿದೆ. ಥಾಯ್ಲೆಂಡ್ ಕಡೆ ನಡೆದೇ ಹತ್ತುವಂಥ ಏರು. ಕಾಂಬೋಡಿಯಾ ಕಡೆ ಕಡಿದಾದ ಪ್ರಪಾತ. ಸಯಾಮ್ (ಥಾಯ್ಲೆಂಡಿನ ಆಗಿನ ಹೆಸರು) ಮತ್ತು ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರಾನ್ಸ್ 1904ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಮಳೆನೀರು ಇಬ್ಭಾಗವಾಗಿ ಹರಿಯುವ ನೆತ್ತಿಯೇ ಗಡಿ. ಆದರೆ ಫ್ರೆಂಚ್ ಅಧಿಕಾರಿಗಳು ತಯಾರಿಸಿ 1908ರಲ್ಲಿ ಸಯಾಮಿಗೆ ಕಳಿಸಿದ ನಕ್ಷೆಯಲ್ಲಿ ಗೆರೆ ಆ ನೆತ್ತಿ ಬಿಟ್ಟು ಸರಿದು, ಗುಡಿ ಕಾಂಬೋಡಿಯಾಕ್ಕೆ ಹೋಗಿತ್ತು.

ಸಯಾಮ್ ಏನು ಮಾಡಿತು? ಒಳಾಡಳಿತ ಸಚಿವರಾಗಿದ್ದ ರಾಜಕುಮಾರ ದಾಮ್ರೊಂಗ್ ಧನ್ಯವಾದ ಹೇಳಿ, ಪ್ರಾಂತಗಳ ಅಧಿಕಾರಿಗಳಿಗೆ ಹಂಚಲು ಇನ್ನೂ ಹದಿನೈದು ಪ್ರತಿ ಬೇಕು ಎಂದು ಕೇಳಿದರು! 1930ರಲ್ಲಿ ಅದೇ ರಾಜಕುಮಾರರು ಗುಡಿ ನೋಡಲು ಹೋದಾಗ ಎದುರುಗೊಂಡದ್ದು ಫ್ರೆಂಚ್ ಅಧಿಕಾರಿ, ಪಕ್ಕದಲ್ಲಿ ಹಾರುತ್ತಿದ್ದದ್ದು ಫ್ರೆಂಚ್ ಬಾವುಟ. ಅವರು ಸುಮ್ಮನೆ ನೋಡಿಕೊಂಡು ಬಂದು, ಆಮೇಲೆ ಆ ಅಧಿಕಾರಿಗೆ ಫೋಟೋಗಳನ್ನೂ ಕಳಿಸಿಕೊಟ್ಟರು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು, ಒಂಬತ್ತಕ್ಕೆ ಮೂರು ಮತಗಳಿಂದ ಗುಡಿ ಕಾಂಬೋಡಿಯಾದ್ದು ಎಂದಿತು. ನಕ್ಷೆ ಸರಿಯಿತ್ತೇ ಎಂದು ಕೇಳಿದರೆ ನಾನು ಇಲ್ಲ ಎಂದೇ ಹೇಳುತ್ತೇನೆ. ಮಾತಾಡಬೇಕಾದಾಗ ಮಾತಾಡದವರಿಗೆ ಐವತ್ತು ವರ್ಷ ಕಳೆದ ಮೇಲೆ ನೆತ್ತಿಯ ನೆನಪಾದರೆ ಕೇಳುವವರು ಕಡಿಮೆ.

ವೆನೆಜುವೆಲಾಗೂ ಇದೇ ತೊಡಕು. ಅದು ತನ್ನದೆನ್ನುವ ಎಸೆಕ್ವಿಬೋ ಪ್ರದೇಶವೆಂದರೆ ಪಕ್ಕದ ಗಯಾನಾದ ಮೂರರಲ್ಲಿ ಎರಡು ಪಾಲು. ಗಯಾನಾ ಆಗ ಬ್ರಿಟನ್ನಿನ ವಸಾಹತು. 1899ರಲ್ಲಿ ಪ್ಯಾರಿಸ್‌ನಲ್ಲಿ ಐವರು ಪಂಚರು ಅದರ ಬಹುಪಾಲನ್ನು ಬ್ರಿಟನ್ನಿಗೆ ಕೊಟ್ಟರು. ಇಬ್ಬರು ಬ್ರಿಟಿಷರು, ಇಬ್ಬರು ಅಮೆರಿಕನ್ನರು, ಅಧ್ಯಕ್ಷತೆಗೆ ಒಬ್ಬ ರಷ್ಯನ್. ವೆನೆಜುವೆಲಾದವರು ಒಬ್ಬರೂ ಇಲ್ಲ. ಆ ದೇಶದ ಪರ ವಾದಿಸಿದ್ದ ಅಮೆರಿಕದ ವಕೀಲರೊಬ್ಬರು, ತಾನು ಸತ್ತ ಮೇಲೆ ಪ್ರಕಟಿಸಿ ಎಂದು ಬರೆದಿಟ್ಟ ಟಿಪ್ಪಣಿ 1949ರಲ್ಲಿ ಹೊರಬಂತು: ತೀರ್ಪಿನ ಹಿಂದೆ ಬ್ರಿಟನ್-ರಷ್ಯಾ ಒಳಒಪ್ಪಂದವಿತ್ತಂತೆ. ಇದ್ದರೂ ನನಗೆ ಆಶ್ಚರ್ಯವಿಲ್ಲ. ಆದರೆ 1905ರ ಹೊತ್ತಿಗೆ ವೆನೆಜುವೆಲಾದ ಅಧಿಕಾರಿಗಳೇ ಬ್ರಿಟಿಷರ ಜತೆ ನಿಂತು ಅದೇ ಗಡಿಯನ್ನು ನೆಲದ ಮೇಲೆ ಗುರುತು ಮಾಡಿದ್ದರಲ್ಲ! ತೀರ್ಪೇ ಅಸಿಂಧು ಎಂದು ವಿಶ್ವಸಂಸ್ಥೆಯಲ್ಲಿ ದನಿ ಎತ್ತಿದ್ದು 1962ರಲ್ಲಿ. 2015ರಲ್ಲಿ ಗಯಾನಾದ ಕಡಲಲ್ಲಿ ತೈಲ ಸಿಕ್ಕ ಮೇಲೆ ದನಿ ಇನ್ನಷ್ಟು ಏರಿತು. 2018ರಲ್ಲಿ ಗಯಾನಾ ಹೇಗ್ ಮೆಟ್ಟಿಲು ಹತ್ತಿತು.

"ಸರಿ, ಕೋರ್ಟು ಹೇಳಿದ ಮೇಲಾದರೂ ಮುಗಿಯಿತಲ್ಲ?" ಎಂಬುದು ಮುಂದಿನ ಪ್ರಶ್ನೆ. ಪ್ರೇಹ್ ವಿಹಾರದಲ್ಲಿ ಸೋತ ಥಾಯ್ ಸೈನಿಕರು ಬಾವುಟ ಇಳಿಸಲಿಲ್ಲ. ಹಾರುತ್ತಿದ್ದ ಹಾಗೆಯೇ ಕಂಬವನ್ನು ಬುಡಸಮೇತ ಕಿತ್ತು, ಪಕ್ಕದಲ್ಲೇ ತಮ್ಮ ನೆಲದಲ್ಲಿರುವ ಬಂಡೆಯಂಚಿಗೆ ಹೊತ್ತೊಯ್ದು ನೆಟ್ಟರು.