ಕಾಸ್‌ಲ್ಯಾಂಡ್‌ನಲ್ಲಿ ಕೈ ಅಡ್ಡ ಹಿಡಿದು

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಲಿಸ್ಕರ್ಡ್‌ನಿಂದ ಕಡಲತೀರದ ಲೂ ಪಟ್ಟಣಕ್ಕೆ ಹೋಗುವ ಕವಲು ಮಾರ್ಗದ ಕಾಸ್‌ಲ್ಯಾಂಡ್ ಎಂಬ ಪುಟ್ಟ ನಿಲ್ದಾಣದಲ್ಲಿ ನಿನ್ನೆ ಮುಕ್ಕಾಲು ಗಂಟೆ ಒಬ್ಬನೇ ಕುಳಿತಿದ್ದೆ. ಇರುವುದು ಒಂದೇ ಪ್ಲಾಟ್‌ಫಾರ್ಮ್, ಮಳೆ ಬಂದರೆ ನಿಲ್ಲಲು ಒಂದು ಸಣ್ಣ ತಂಗುದಾಣ. ಟಿಕೆಟ್ ಕೌಂಟರಾಗಲಿ ಸಿಬ್ಬಂದಿಯಾಗಲಿ ಇಲ್ಲ. ರೈಲು ಇಲ್ಲಿ ತಾನಾಗಿ ನಿಲ್ಲುವುದೂ ಇಲ್ಲ. ಹತ್ತುವವರು ಚಾಲಕನಿಗೆ ಕಾಣುವಂತೆ ಕೈ ಅಡ್ಡ ಹಿಡಿಯಬೇಕು, ಇಳಿಯುವವರು ಗಾರ್ಡ್‌ಗೆ ಮೊದಲೇ ಹೇಳಿರಬೇಕು. ಊರ ಗೇಟಿನಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದೇ ಬೆಳೆದ ನನಗೆ ಆ ಕೆಲಸ ಹೊಸದಲ್ಲವಾದರೂ, ರೈಲಿನ ಮುಂದೆ ಕೈ ಚಾಚುವಾಗ ಯಾಕೋ ಸಂಕೋಚವಾಯಿತು.

ಬರುವಾಗ ಕೂಂಬ್ ಜಂಕ್ಷನ್ ಬಳಿ ರೈಲು ನಿಂತಿತು. ಗಾರ್ಡ್ ಕೆಳಗಿಳಿದು ಹಳಿಯ ಪಕ್ಕದ ಸನ್ನೆಗೋಲನ್ನು ಎಳೆದು ದಾರಿ ಬದಲಿಸಿದರು, ಚಾಲಕರು ಅಷ್ಟರಲ್ಲಿ ಇನ್ನೊಂದು ತುದಿಗೆ ಹೋಗಿ ಕುಳಿತರು, ರೈಲು ಬಂದ ದಿಕ್ಕಿಗೇ ಮತ್ತೆ ಮುಖ ಮಾಡಿ ಹೊರಟಿತು. 1860ರಲ್ಲಿ ಹಳೆಯ ಕಾಲುವೆಯೊಂದರ ಬದಲಿಗೆ ಸರಕು ಸಾಗಿಸಲು ಕಣಿವೆಯಲ್ಲಿ ಹಾಕಿದ ಹಳಿಗೆ, 1901ರಲ್ಲಿ ಲಿಸ್ಕರ್ಡ್‌ನ ಎತ್ತರದಿಂದ ಸುತ್ತಿಬಳಸಿ ಇಳಿಯುವ ಕೂಡುಹಳಿ ಹಿಮ್ಮುಖವಾಗಿ ಬಂದು ಸೇರಿದ್ದೇ ಇದಕ್ಕೆ ಕಾರಣ. 1960ರ ದಶಕದಲ್ಲಿ ನಷ್ಟದ ಮಾರ್ಗಗಳ ಪಟ್ಟಿಯಲ್ಲಿ ಸೇರಿದ್ದ ಈ ಕವಲು ಮಾರ್ಗವನ್ನು ಇನ್ನೇನು ಮುಚ್ಚಬೇಕೆನ್ನುವಾಗ, 1966ರಲ್ಲಿ ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್ ಉಳಿಸಿದರು. ಲೆಕ್ಕಪತ್ರ ನೋಡುವವರಿಗೆ ನಿನ್ನೆಯ ನನ್ನ ಒಂದು ಟಿಕೆಟ್ಟಿನಿಂದ ಹೆಚ್ಚಿನ ಸಮಾಧಾನವೇನೂ ಆಗಲಿಕ್ಕಿಲ್ಲ.

ಎರಡು ಬೋಗಿಯ ರೈಲು ತಿರುವಿನಲ್ಲಿ ಕಾಣಿಸಿತು, ಕೈ ಚಾಚಿದೆ, ಚಾಲಕರು ಸಣ್ಣಗೆ ಹಾರ್ನ್ ಮಾಡಿ ನಿಲ್ಲಿಸಿದರು.