ನಾಟಿಲಸ್‌ಗೆ ಹೋದ ಮೇಲೆ ಏಳದ ಒಎಸ್‌ಡಿ 5

ಹಲವು ಯಂತ್ರಗಳ ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿಸುವ ಸೆಫ್ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುತ್ತಿದ್ದೆ. ಮೂರು ನೋಡ್ (ಯಂತ್ರ), ಒಂದೊಂದರಲ್ಲೂ ನಾಲ್ಕು ಡಿಸ್ಕ್, ಒಂದೊಂದು ಡಿಸ್ಕನ್ನು ನೋಡಿಕೊಳ್ಳಲು ಒಂದೊಂದು ಒಎಸ್‌ಡಿ ಎಂಬ ಪ್ರೋಗ್ರಾಂ. ಸೆಫ್ ಲೂಮಿನಸ್‌ನಿಂದ ನೇರ ನಾಟಿಲಸ್ 14.2ಕ್ಕೆ ಹೋಗಬಹುದು, ಮಧ್ಯದ ಮಿಮಿಕ್ ಆವೃತ್ತಿ ಬೇಕಿಲ್ಲ. ಮಾನಿಟರ್, ಮ್ಯಾನೇಜರ್ ಎಂಬ ಮೇಲ್ವಿಚಾರಣೆಯ ಸೇವೆಗಳೆಲ್ಲ ಸಲೀಸಾಗಿ ಮುಗಿದವು. ಮೊದಲ ನೋಡಿನ ಡಿಸ್ಕ್‌ಗಳನ್ನು ಹಿಂದೆಯೇ ಎಲ್‌ವಿಎಂಗೆ (ಲಿನಕ್ಸ್‌ನ ಡಿಸ್ಕ್ ವಿಂಗಡಣೆಯ ವ್ಯವಸ್ಥೆ) ಬದಲಾಯಿಸಿದ್ದರಿಂದ ರೀಬೂಟ್ ಆದ ಕೂಡಲೇ ಎದ್ದು ಕೂತಿತು. ಅದೇ ಧೈರ್ಯದಲ್ಲಿ ಎರಡನೆಯದನ್ನೂ ರೀಬೂಟ್ ಮಾಡಿದೆ. ನಾಲ್ಕಕ್ಕೆ ನಾಲ್ಕೂ ಒಎಸ್‌ಡಿ ಡೌನ್.

ಕಾರಣ ಹೊಳೆದಾಗ ನಾಚಿಕೆಯಾಯಿತು. ಇಲ್ಲಿನ ಡಿಸ್ಕ್‌ಗಳು ಸೆಫ್-ಡಿಸ್ಕ್ ಎಂಬ ಹಳೆಯ ಟೂಲ್‌ನಲ್ಲಿ ಮಾಡಿದವು. ಅದು ಪಾರ್ಟಿಷನ್ನಿನ ಟೈಪ್ ಗುರುತು ನೋಡಿ, ಯುಡೆವ್ (ಸಾಧನಗಳನ್ನು ಗುರುತಿಸುವ ಲಿನಕ್ಸ್ ಸೇವೆ) ನಿಯಮಗಳ ಮೂಲಕ ಬೂಟ್ ಹೊತ್ತಿಗೆ ಒಎಸ್‌ಡಿಗಳನ್ನು ಎಬ್ಬಿಸುತ್ತಿತ್ತು. ನಾಟಿಲಸ್‌ನಲ್ಲಿ ಸೆಫ್-ಡಿಸ್ಕ್ ಇಲ್ಲವೇ ಇಲ್ಲ. ರೀಬೂಟ್‌ಗೆ ಮುಂಚೆ, ಅದರ ಬದಲಿಗೆ ಬಂದ ಸೆಫ್-ವಾಲ್ಯೂಮ್‌ನ ಸಿಂಪಲ್ ಸ್ಕ್ಯಾನ್ ಓಡಿಸಿ, ವಿವರಗಳನ್ನು ಜೇಸನ್ ಫೈಲಿಗೆ ಬರೆಸಿಕೊಳ್ಳಬೇಕಿತ್ತು. ಪುಣ್ಯಕ್ಕೆ ನೋಔಟ್ (ಡೌನ್ ಆದ ಒಎಸ್‌ಡಿಯನ್ನು ಔಟ್, ಅಂದರೆ ಲೆಕ್ಕದಿಂದ ಹೊರಗೆ, ಹಾಕದಂತೆ ತಡೆಯುವ ಸೆಟ್ಟಿಂಗ್) ಹಾಕಿದ್ದೆ. ಇಲ್ಲದಿದ್ದರೆ ಹತ್ತು ನಿಮಿಷ ಕಳೆದರೆ ಡೌನ್ ಆದವು ಔಟ್ ಆಗುತ್ತಿದ್ದವು. ಡೇಟಾಕ್ಕೆ ಮೂರು ಪ್ರತಿ, ಕನಿಷ್ಠ ಎರಡು ಸಿಕ್ಕರೆ ಸಾಕು ಎಂಬ ಸೆಟ್ಟಿಂಗ್ ಇದ್ದಿದ್ದರಿಂದ ಓದು-ಬರಹವೂ ನಿಲ್ಲಲಿಲ್ಲ.

ಒಂದೊಂದೇ ಪಾರ್ಟಿಷನ್ ಕೊಟ್ಟು ಸ್ಕ್ಯಾನ್ ಮಾಡಿ, ಆಕ್ಟಿವೇಟ್ ಕೊಟ್ಟೆ. ಮೂರು ಎದ್ದವು. ಒಎಸ್‌ಡಿ 5 ಮಾತ್ರ ಎದ್ದು ಬಿದ್ದು, ಎದ್ದು ಬಿದ್ದು ಕೊನೆಗೆ ಸುಮ್ಮನಾಯಿತು. ಲಾಗ್‌ನಲ್ಲಿದ್ದುದು: ಸಾಧನದ ಎಫ್ಎಸ್ಐಡಿ (ಗುರುತಿನ ಸಂಖ್ಯೆ) ನಮ್ಮ ಎಫ್ಎಸ್ಐಡಿಗೆ ಹೊಂದುತ್ತಿಲ್ಲ. ಡಿಸ್ಕ್ ಕೆಟ್ಟಿದೆಯೆಂದುಕೊಂಡು ಅರ್ಧ ಗಂಟೆ ಅದರ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ನೋಡುತ್ತ ಕೂತೆ. ಅದು ವ್ಯರ್ಥ. ಆಮೇಲೆ ಬ್ಲೂಸ್ಟೋರ್ (ಒಎಸ್‌ಡಿ ಡಿಸ್ಕ್‌ನಲ್ಲಿ ಡೇಟಾ ಇಡುವ ವ್ಯವಸ್ಥೆ) ಟೂಲ್‌ನಿಂದ ಲೇಬಲ್ ಓದಿಸಿದಾಗ ವಿಷಯ ಗೊತ್ತಾಯಿತು: ಒಎಸ್‌ಡಿ 5ಕ್ಕೆ ಡಿಬಿ (ಡೇಟಾದ ವಿವರ ಇಡುವ) ಪಾರ್ಟಿಷನ್ ಅಂತ ಕೊಂಡಿಯಾಗಿದ್ದದ್ದು ಒಎಸ್‌ಡಿ 4ರದ್ದು!

ಎರಡು ವರ್ಷದ ಹಿಂದೆ ಆ ಕೊಂಡಿಯನ್ನು ನಾನೇ ಕೈಯಾರೆ, ಎಸ್‌ಡಿಡಿ1 ಎಂಬ, ಬೂಟ್‌ನಲ್ಲಿ ಬದಲಾಗಬಹುದಾದ ಸಾಧನದ ಹೆಸರಿಗೆ ಹಾಕಿದ್ದೆ. ಈ ಬಾರಿ ಬೂಟ್‌ನಲ್ಲಿ ಎರಡು ಎಸ್‌ಎಸ್‌ಡಿಗಳ ಹೆಸರು ಅದಲುಬದಲಾಗಿದೆ. ಸ್ಕ್ಯಾನ್ ಪಾಪ, ಕೊಂಡಿ ತೋರಿಸಿದ್ದನ್ನೇ ನಂಬಿ ಬರೆದುಕೊಂಡಿತ್ತು. ಲೇಬಲ್ ಹೊಂದದಿದ್ದರೆ ಬ್ಲೂಸ್ಟೋರ್ ತೆರೆಯುವುದೇ ಇಲ್ಲ, ಆ ಹಟವೇ ಒಎಸ್‌ಡಿ 4ರ ಡಿಬಿಯನ್ನು ಉಳಿಸಿತು.

ಇನ್ನೊಂದು ಎಸ್‌ಎಸ್‌ಡಿಯ ಪಾರ್ಟಿಷನ್ ಲೇಬಲ್ ಓದಿಸಿ, ಅದು ಒಎಸ್‌ಡಿ 5ರದ್ದೇ ಎಂದು ಖಾತ್ರಿಯಾದ ಮೇಲೆ ಜೇಸನ್‌ನಲ್ಲಿ ಅದರ ಪಾರ್ಟ್‌ಯುಯುಐಡಿ (ಪಾರ್ಟಿಷನ್ನಿನ ಬದಲಾಗದ ಗುರುತು) ಬರೆದು, ಅದೇ ಫೈಲ್ ಕೊಟ್ಟು ಮತ್ತೆ ಆಕ್ಟಿವೇಟ್ ಮಾಡಿದೆ. ಎದ್ದಿತು. ಪಿಜಿಗಳು (ಡೇಟಾದ ಗುಂಪುಗಳು) ಹದಿನೈದು ನಿಮಿಷದಲ್ಲಿ ಆಕ್ಟಿವ್-ಕ್ಲೀನ್, ಅಂದರೆ ಎಲ್ಲ ಸರಿ.

ಮೂರನೇ ನೋಡ್ ನಾಳೆ. ಅದರ ಕೊಂಡಿಗಳನ್ನು ಈಗಲೇ ನೋಡಿದೆ: ಇನ್ನೊಂದು ಎಸ್‌ಡಿಡಿ1 ಸಿಕ್ಕಿತು.