'ಮಲಗೋಕೆ ಅಷ್ಟೊಂದು ದುಡ್ಡಾ?' ಎಂದು ಕೇಳುವವರಿಗೆ

ಇಸ್ತಾಂಬುಲ್‌ಗೆ ಹೋದಾಗ ಪೆರಾ ಪ್ಯಾಲೆಸ್ ಹೋಟೆಲ್‌ನಲ್ಲಿ ಇಳಿದುಕೊಂಡಿದ್ದೆ ಅಂದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ. "ರಾತ್ರಿ ಮಲಗೋಕೆ ತಾನೇ? ಅದಕ್ಕೆ ಅಷ್ಟೊಂದು ದುಡ್ಡು ಯಾಕೆ ಸುರಿದ್ರಿ?" ನೆಂಟರು ಕೇಳಿದ್ದಾರೆ, ಜೊತೆಗೆ ಕೆಲಸ ಮಾಡುವವರು ಕೇಳಿದ್ದಾರೆ, ಆಗಷ್ಟೇ ಪರಿಚಯವಾದವರೂ ಕೇಳಿದ್ದಾರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಬರೆದಿಟ್ಟುಬಿಡುತ್ತೇನೆ.

ಹೀಗೆ ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ನಾನು ದುಂದು ಮಾಡಿದೆ ಅಂತ ಒಪ್ಪಿಕೊಳ್ಳಬೇಕು, ಅಷ್ಟೇ. ಒಪ್ಪಲ್ಲ. ಅದೇ ಪ್ರವಾಸಕ್ಕೆ ವಿಮಾನದ ಟಿಕೆಟ್‌ಗೂ ದುಡ್ಡು ಸುರಿದಿದ್ದೇನೆ. ಮಂಡಿ ಮಡಚಿಕೊಂಡು, ಪಕ್ಕದವರ ಮೊಣಕೈ ತಿವಿಸಿಕೊಂಡು ಗಂಟೆಗಟ್ಟಲೆ ಕೂತಿದ್ದಕ್ಕೆ! ಅದು ಯಾಕೆ ಅಂತ ಯಾರೂ ಕೇಳಲಿಲ್ಲ. ಹೋಟೆಲ್ ಅಂದ ಕೂಡಲೇ ಮಾತ್ರ ಎಲ್ಲರಿಗೂ ನನ್ನ ಲೆಕ್ಕದ ಚಿಂತೆ.

ಮಲಗೋಕೆ ಹಾಸಿಗೆ ಆ ಊರಿನ ಯಾವ ಗಲ್ಲಿಯಲ್ಲಾದರೂ ಸಿಗುತ್ತದೆ. ನಾನು ಹೋಗಿದ್ದು ಆ ಕಟ್ಟಡಕ್ಕೆ. ಯುರೋಪಿನಿಂದ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಬರುತ್ತಿದ್ದ ಸಿರಿವಂತರಿಗಾಗಿ ಕಟ್ಟಿದ ಹೋಟೆಲ್ ಅದು. ಕೆಲಸ ಶುರುವಾಗಿದ್ದು 1892ರಲ್ಲಿ. 1895ರಲ್ಲಿ ದೊಡ್ಡ ಔತಣ, ನೃತ್ಯ ಎಲ್ಲ ಇಟ್ಟು ಬಾಗಿಲು ತೆರೆದರು. ವಿನ್ಯಾಸ ಅಲೆಕ್ಸಾಂಡರ್ ವಲ್ಲೋರಿ ಎಂಬ ವಾಸ್ತುಶಿಲ್ಪಿಯದು. ಆಗಿನ ಇಸ್ತಾಂಬುಲ್‌ನಲ್ಲಿ ಸುಲ್ತಾನರ ಅರಮನೆಗಳನ್ನು ಬಿಟ್ಟರೆ ಕರೆಂಟ್ ಬಂದಿದ್ದು ಮೊದಲು ಇಲ್ಲಿಗೇ. ರೈಲು ನಿಲ್ಲುತ್ತಿದ್ದುದು ಸಿರ್ಕೆಜಿ ನಿಲ್ದಾಣದಲ್ಲಿ. ಹೋಟೆಲ್ ಇರುವುದು ಗೋಲ್ಡನ್ ಹಾರ್ನ್ ಎಂಬ ಕಡಲ ಚಾಚಿನ ಆಚೆ, ಗುಡ್ಡದ ಮೇಲೆ. ಹಾಗಾಗಿ ಅತಿಥಿಗಳನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ಆ ಪಲ್ಲಕ್ಕಿ ಈಗಲೂ ಅಲ್ಲೇ ಇದೆ, ಒಬ್ಬರು ಮಾತ್ರ ಕೂರುವಷ್ಟು ಪುಟ್ಟ ಪೆಟ್ಟಿಗೆ. ಆ ಏರು ರಸ್ತೆಯನ್ನು ನಾನು ನಡೆದು ಹತ್ತಿದ್ದೇನೆ. ಕೂತವರ ಬಗ್ಗೆ ನನಗೆ ಆಸೆ ಹುಟ್ಟಲಿಲ್ಲ. ಹೊತ್ತವರ ಹೆಗಲು ನೆನೆದು ಹೊಟ್ಟೆ ಚುರುಕ್ ಅಂದಿತು.

ಇನ್ನು ಲಿಫ್ಟ್. ಇದಕ್ಕೋಸ್ಕರ ಇನ್ನೊಂದು ಸಲ ದುಡ್ಡು ಕೊಡಬೇಕಾದರೂ ಕೊಟ್ಟೇನು. ಎರಕದ ಕಬ್ಬಿಣದ ಕುಸುರಿಯ ಗೂಡು, ಒಳಗೆ ಹೊಳಪು ಕೊಟ್ಟ ಮರದ ಕೋಣೆ, ಸುತ್ತ ಬಳಸಿಕೊಂಡು ಹೋಗುವ ಅಮೃತಶಿಲೆಯ ಮೆಟ್ಟಿಲು. ಆತುರವೇ ಇಲ್ಲದ ಹಾಗೆ ಮೇಲಕ್ಕೆ ಹೋಗುತ್ತದೆ. ಜಾಲರಿಯ ಸಂದಿಯಲ್ಲಿ ಮೆಟ್ಟಿಲು, ಅದರ ಕಟಕಟೆ, ಕೆಳಗಿನ ಜನರ ತಲೆ ಒಂದೊಂದಾಗಿ ಕೆಳಕ್ಕೆ ಇಳಿಯುತ್ತವೆ. ಬೇಗ ಹೋಗಬೇಕಿದ್ದರೆ ಮೆಟ್ಟಿಲೇ ವಾಸಿ. ನನಗೆ ಬೇಗ ಹೋಗಬೇಕಿರಲಿಲ್ಲ.

ಇಷ್ಟು ಹೇಳಿದರೆ, "ಬ್ರೇಕ್‌ಫಾಸ್ಟ್ ಸೇರಿಸಿನಾ?" ಅಂತಾರೆ.

ನನ್ನನ್ನು ಕೇಳಬೇಕಾದ್ದು ಬೇರೆಯೇ ಇದೆ. ಆ ಗೋಡೆಗಳ ಮಧ್ಯೆ ಏನೇನು ನಡೆದಿದೆ ಅಂತ ಕೇಳಿ, ಬೆಳಗಿನವರೆಗೂ ಹೇಳುತ್ತೇನೆ. 1918ರ ನವೆಂಬರ್ 13. ಮೊದಲ ಮಹಾಯುದ್ಧದಲ್ಲಿ ಸೋತ ಒಟ್ಟೋಮನ್ ಸಾಮ್ರಾಜ್ಯದ ರಾಜಧಾನಿ ಇಸ್ತಾಂಬುಲ್‌ಗೆ ಗೆದ್ದವರ ಯುದ್ಧನೌಕೆಗಳು ಬಂದು ಲಂಗರು ಹಾಕಿದ ದಿನ. ಅವತ್ತೇ ಸೇನಾಧಿಕಾರಿ ಮುಸ್ತಫಾ ಕೆಮಾಲ್ ಊರಿಗೆ ಬಂದರು, ಇದೇ ಹೋಟೆಲ್‌ನಲ್ಲಿ ಉಳಿದರು. ಮುಂದೆ ಟರ್ಕಿ ಗಣರಾಜ್ಯ ಕಟ್ಟಿ ಅತಾತುರ್ಕ್ ಆದವರು. ಅವರು ಉಳಿಯುತ್ತಿದ್ದ 101ನೇ ನಂಬರಿನ ಕೋಣೆಯನ್ನು, ಅವರು ಹುಟ್ಟಿ ನೂರು ವರ್ಷ ತುಂಬಿದ 1981ರಲ್ಲಿ, ಮ್ಯೂಸಿಯಂ ಮಾಡಿದರು. ಸೋತ ಊರಿನಲ್ಲಿ, ಗೆದ್ದವರ ಅಧಿಕಾರಿಗಳು ಓಡಾಡುವ ಹೋಟೆಲ್‌ನಲ್ಲಿ ಕೂತು ಆ ಮನುಷ್ಯ ಏನು ಯೋಚಿಸಿರಬಹುದು? ಆ ಕೋಣೆಯ ಬಾಗಿಲಲ್ಲಿ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಅಥವಾ 1941ರ ಮಾರ್ಚ್ 11ರ ಬಗ್ಗೆ ಕೇಳಿ. ಬಲ್ಗೇರಿಯ ಹಿಟ್ಲರನ ಕಡೆ ಸೇರಿತ್ತು. ಅಲ್ಲಿದ್ದ ಬ್ರಿಟಿಷ್ ರಾಯಭಾರಿ ಜಾರ್ಜ್ ರೆಂಡೆಲ್ ಗಂಟುಮೂಟೆ ಕಟ್ಟಿಕೊಂಡು, ಸಿಬ್ಬಂದಿ ಸಮೇತ ರೈಲಿನಲ್ಲಿ ಇಸ್ತಾಂಬುಲ್‌ಗೆ ಬಂದು ಇಲ್ಲಿ ಇಳಿದರು. ಅವರ ಸಾಮಾನಿನ ಜೊತೆ ಅವರದ್ದಲ್ಲದ ಸೂಟ್‌ಕೇಸೂ ಸೇರಿಕೊಂಡಿತ್ತು. ಒಳಗೆ ಬಾಂಬ್. ಲಾಬಿಯಲ್ಲೇ ಸಿಡಿಯಿತು. ರೆಂಡೆಲ್ ಬದುಕಿದರು. ಅವರ ಸಿಬ್ಬಂದಿಯೂ ಸೇರಿ ಹಲವರು ಸತ್ತರು. ನಾನು ಚೆಕ್-ಇನ್ ಮಾಡುವಾಗ ನನ್ನ ಪೆಟ್ಟಿಗೆ ಇಟ್ಟಿದ್ದು ಅದೇ ಕಟ್ಟಡದ ನೆಲದ ಮೇಲೆ. ಇದು ಗೊತ್ತಿದ್ದೂ ಸುಮ್ನೆ ರೂಮಿಗೆ ಹೋಗಿ ಟಿವಿ ಹಾಕಿಕೊಂಡು ಕೂರುವುದು ನನ್ನಿಂದಾಗಲಿಲ್ಲ.

ಇಂಥ ಕಟ್ಟಡ ತಾನಾಗಿ ನಿಲ್ಲುವುದಿಲ್ಲ. ಸೂರು ಸೋರುತ್ತದೆ, ಕೊಳಾಯಿ ಹಳತಾಗುತ್ತದೆ. ಇದನ್ನೂ 2006ರಲ್ಲಿ ಮುಚ್ಚಿ, ದುರಸ್ತಿ ಮಾಡಿ, 2010ರಲ್ಲಿ ಮತ್ತೆ ತೆರೆದರು. ಹೋಟೆಲ್ ಆಗಿಯೇ ಉಳಿಯಬೇಕಾದರೆ ಯಾರಾದರೂ ರೂಮಿಗೆ ಬಾಡಿಗೆ ಕೊಡಬೇಕು, ಅಲ್ವಾ? ಕೊಡುವವರೇ ಇಲ್ಲದಿದ್ದರೆ ಆ ಲಿಫ್ಟ್‌ಗೆ ಎಣ್ಣೆ ಹಾಕುವವರೂ ಇರುವುದಿಲ್ಲ. ನಾನು ಕೊಟ್ಟ ದುಡ್ಡಿನಲ್ಲಿ ಒಂದಿಷ್ಟು ಅದಕ್ಕೂ ಹೋಗಿದೆ ಅಂತ ನನಗೆ ನಿಜವಾಗಿಯೂ ಖುಷಿ ಇದೆ.

ಅಷ್ಟು ಕೊಡೋಕೆ ಆಗದವರೂ ಇರುತ್ತಾರೆ. ಬಹಳ ವರ್ಷ ನಾನೂ ಅವರಲ್ಲೊಬ್ಬ. ಅಂಥವರಿಗೆ ಅಲ್ಲಿ ಬಾಗಿಲು ಮುಚ್ಚಿಲ್ಲ. ಒಳಗೆ ಕುಬ್ಬೆಲಿ ಸಲೋನ್ ಎಂಬ ದೊಡ್ಡ ಹಜಾರವಿದೆ. ಮೇಲೆ ಆರು ಗುಮ್ಮಟ, ಆ ಗುಮ್ಮಟಗಳ ಗಾಜಿನ ತೂತುಗಳಿಂದ ಬೆಳಕು ಬೀಳುತ್ತದೆ. ಹೊರಗಿನವರೂ ಅಲ್ಲಿ ಮಧ್ಯಾಹ್ನದ ಟೀಗೆ ಕೂರಬಹುದು. ಅದೂ ಅಗ್ಗವಲ್ಲ, ಆದರೆ ರೂಮಿನ ಬಾಡಿಗೆಗಿಂತ ಎಷ್ಟೋ ಕಡಿಮೆ. 101ನೇ ಕೋಣೆಯನ್ನು ನೋಡಲು ಸಮಯ ಗೊತ್ತುಮಾಡಿರುತ್ತಾರೆ, ಮೊದಲೇ ವಿಚಾರಿಸಿಕೊಂಡು ಹೋಗಿ. ಪಲ್ಲಕ್ಕಿಯನ್ನೂ ಹುಡುಕಿ ನೋಡಿ. ಹಿಂದಿರುಗಿದ ಮೇಲೆ ನನಗೆ ಫೋನ್ ಮಾಡಿ. ದುಡ್ಡಿನ ವಿಷಯ ಬಿಟ್ಟು ಏನು ಬೇಕಾದರೂ ಕೇಳಿ.